ಸೊನ್ನೆ ಬೈಟಿನ ಇಂಟರ್‌ಫೇಸ್: ಓಕ್ಯಾಮಲ್‌ನಲ್ಲಿ ಕಂಪೈಲರ್‌ನಿಂದ ಬರೆಸಿದ ಕಡತ ಕೈಕೊಟ್ಟಾಗ

ಓಕ್ಯಾಮಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾವು ಬರೆಯುತ್ತಿದ್ದ ತಂತ್ರಾಂಶದಲ್ಲಿ ದೂರು ಬಂದದ್ದು ‘ವರದಿ’ ಎಂಬ ಮಾಡ್ಯೂಲಿನಿಂದ, ಅಂದರೆ ಕೋಡಿನ ಒಂದು ಬಿಡಿಭಾಗದಿಂದ. ‘ಅನ್‌ಬೌಂಡ್ ವ್ಯಾಲ್ಯೂ ಪಿಗ್ಮಿ.ಜಮಾ’ ಎಂದು, ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ಇಳಿಸುವ ಕಂಪೈಲರ್ ಹಟ ಹಿಡಿದಿತ್ತು. ಅಂದರೆ ಪಿಗ್ಮಿ ಎಂಬ ಮಾಡ್ಯೂಲಿನಲ್ಲಿ ಜಮಾ ಎಂಬ ಹೆಸರೇ ಇಲ್ಲವಂತೆ. ಪಿಗ್ಮಿ.ಎಂಎಲ್ ಕಡತ ತೆರೆದರೆ ಮೊದಲ ಪರದೆಯಲ್ಲೇ ಜಮಾ ಕಣ್ಣಿಗೆ ರಾಚುವಂತೆ ಕುಳಿತಿದೆ. ಹೆಸರಿನ ಅಕ್ಷರಗಳು ಸರಿ, ಆವರಣಗಳು ಸರಿ. ಆ ಕಡತವನ್ನಷ್ಟೇ ಕಂಪೈಲ್ ಮಾಡಿದರೆ ಚಕಾರವಿಲ್ಲದೆ ಆಗುತ್ತದೆ. ಇಬ್ಬರು ಸೇರಿ ಎರಡು ಗಂಟೆ ಅದನ್ನೇ ನೋಡಿದೆವು. ಹೊರಗೆ ಪುಣೆಯ ಬಾಣೇರ್ ರಸ್ತೆಯ ಮೇಲೆ ಜುಲೈ ತಿಂಗಳ ಮಳೆ ಹೊಯ್ಯುತ್ತಿತ್ತು. ಕೆಳಗಿನ ಅಮೃತತುಲ್ಯ ಚಹಾದಂಗಡಿಯಿಂದ ತಂದ ಚಹಾ ಆರಿ ಕೆನೆಗಟ್ಟಿತ್ತು.

ತಂತ್ರಾಂಶ ಒಂದು ಪತಸಂಸ್ಥೆಗಾಗಿ ಮಾಡುತ್ತಿದ್ದದ್ದು. ನಮ್ಮ ಕಡೆ ಪತ್ತಿನ ಸಹಕಾರ ಸಂಘ ಎನ್ನುವುದನ್ನು ಪುಣೆಯಲ್ಲಿ ಹೀಗೆ ಕರೆಯುತ್ತಾರೆ. ದಿನವೂ ಅಂಗಡಿ ಅಂಗಡಿಗೆ ಹೋಗಿ ಹತ್ತು, ಇಪ್ಪತ್ತು ರೂಪಾಯಿ ಕೂಡಿಸಿಕೊಂಡು ಬರುವ ಠೇವಣಿಯ ಲೆಕ್ಕ ಅದರ ಕೆಲಸ. ಮರಾಠಿಯವರು ಅದಕ್ಕೆ ಬೇರೆ ಹೆಸರು ಹೇಳಿದರೂ ನಾವು ಮಾಡ್ಯೂಲಿಗೆ ಪಿಗ್ಮಿ ಎಂದೇ ಹೆಸರಿಟ್ಟೆವು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು ಆ ಯೋಜನೆ ತಂದಾಗಿನಿಂದ ಕರಾವಳಿಯವರಿಗೂ ಬಯಲುಸೀಮೆಯವರಿಗೂ ಅದು ಪಿಗ್ಮಿಯೇ.

ಕೊನೆಗೆ ದೋಷ ಹಿಡಿದವಳು ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಶಿರಸಿಯ ಹುಡುಗಿ. ‘ಸರ್, ಎಂಎಲ್ಐ ಕಡತದ ಅಳತೆ ಒಮ್ಮೆ ನೋಡುತ್ತೀರಾ?’ ಎಂದಳು. ನೋಡಿದೆ. ಸೊನ್ನೆ ಬೈಟು.

ಕೆಳಗಿನದು ಆ ಸೊನ್ನೆ ಹೇಗೆ ಹುಟ್ಟಿತು, ಅದರ ಅಣ್ಣತಮ್ಮಂದಿರು ಯಾರು, ಯಾವುದನ್ನು ಯಾವ ಲಕ್ಷಣದಿಂದ ಗುರುತಿಸಬೇಕು ಎಂಬುದರ ಬರಹ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.

ಯಾವ ಕಡತ ಏನು

ಓಕ್ಯಾಮಲ್ ಬಲ್ಲವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಎಂಎಲ್ ಕಡತದಲ್ಲಿ ಕೋಡ್ ಇರುತ್ತದೆ. ಎಂಎಲ್ಐ ಕಡತದಲ್ಲಿ ಆ ಮಾಡ್ಯೂಲ್ ಹೊರಗಿನವರಿಗೆ ಏನನ್ನು ತೋರಿಸುತ್ತದೆ ಎಂಬ ಪಟ್ಟಿ ಇರುತ್ತದೆ. ಎಂಎಲ್ಐಯನ್ನು ಕಂಪೈಲ್ ಮಾಡಿದರೆ ಸಿಎಂಐ ಎಂಬ ಕಡತ ಸಿಗುತ್ತದೆ. ಬೇರೆ ಮಾಡ್ಯೂಲುಗಳು ಓದುವುದು ಈ ಸಿಎಂಐಯನ್ನು ಮಾತ್ರ, ನಿಮ್ಮ ಎಂಎಲ್ ಕಡತವನ್ನಲ್ಲ. ಎಂಎಲ್ಐ ಇಲ್ಲದಿದ್ದರೆ ಕಂಪೈಲರ್ ಎಂಎಲ್‌ನಿಂದಲೇ ಸಿಎಂಐ ತಯಾರಿಸಿ, ಇದ್ದದ್ದನ್ನೆಲ್ಲ ಹೊರಗಿಡುತ್ತದೆ. ಎಂಎಲ್ಐ ಇದ್ದು ಅದು ಖಾಲಿಯಾಗಿದ್ದರೆ? ಖಾಲಿ ಕಡತವೂ ವ್ಯಾಕರಣದ ಪ್ರಕಾರ ಶುದ್ಧ ಇಂಟರ್‌ಫೇಸ್. ‘ಏನನ್ನೂ ತೋರಿಸುವುದಿಲ್ಲ’ ಎಂದು ಅದರ ಅರ್ಥ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚಿರುವ ಪುಣೆಯ ಅಂಗಡಿಯ ಹಾಗೆ. ಬೋರ್ಡಿದೆ, ಒಳಗೆ ಸರಕೂ ಇದೆ, ಆದರೆ ಗಿರಾಕಿಯ ಪಾಲಿಗೆ ಏನೂ ಇಲ್ಲ.

ಎಂಎಲ್ಐಯನ್ನು ಕೈಯಿಂದ ಬರೆಯಲು ಬೇಸರವಾದವರಿಗೆ ಕಂಪೈಲರ್‌ನಲ್ಲೇ ಒಂದು ಸೌಲಭ್ಯವಿದೆ:

ಓಕ್ಯಾಮಲ್‌ಸಿ -ಐ ಪಿಗ್ಮಿ.ಎಂಎಲ್

ಇಲ್ಲಿ ‘ಐ’ ಚಿಕ್ಕಕ್ಷರದ್ದು. ದೊಡ್ಡಕ್ಷರದ ಐ ಕಡತಗಳನ್ನು ಹುಡುಕಬೇಕಾದ ಕೋಶವನ್ನು ಸೂಚಿಸುವ ಬೇರೆಯದೇ ಆಯ್ಕೆ. ಚಿಕ್ಕ ಐ ಕೊಟ್ಟರೆ ಕಂಪೈಲರ್ ಯಾವ ಕಡತವನ್ನೂ ತಯಾರಿಸದೆ, ತಾನು ಊಹಿಸಿದ ಟೈಪುಗಳನ್ನು (ಯಾವುದು ಸಂಖ್ಯೆ, ಯಾವುದು ಅಕ್ಷರ ಎಂಬಂಥ ಬಗೆಗಳನ್ನು) ಪರದೆಯ ಮೇಲೆ ಮುದ್ರಿಸಿ ಸುಮ್ಮನಾಗುತ್ತದೆ. ರಾಬಿನ್ ಮಿಲ್ನರ್ 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ಎಂಎಲ್ ಭಾಷೆಗೆ ಕೊಟ್ಟ ಟೈಪ್ ಊಹೆಯ ವಿಧಾನವೇ ಇದರ ಬೇರು. ನೀವು ಒಂದೂ ಟೈಪ್ ಬರೆಯದಿದ್ದರೂ ಎಲ್ಲವೂ ಕಂಪೈಲರ್‌ಗೆ ಗೊತ್ತಿರುತ್ತದೆ. ಗೊತ್ತಿರುವುದನ್ನು ಅದು ಹೇಳುತ್ತದೆ, ಅಷ್ಟೇ. ಈ ‘ಅಷ್ಟೇ’ಯಿಂದ ಆಗುವ ಅನಾಹುತಕ್ಕೆ ಆಮೇಲೆ ಬರುತ್ತೇನೆ.

ಸೊನ್ನೆ ಹುಟ್ಟಿದ ಬಗೆ

ಯಾವ ಕಡತವನ್ನು ಹೇಗೆ ಕಟ್ಟಬೇಕೆಂದು ಮೇಕ್ ಎಂಬ ಉಪಕರಣಕ್ಕೆ ಹೇಳುವ ನಮ್ಮ ಮೇಕ್‌ಫೈಲಿನಲ್ಲಿ ಯಾರೋ ಪುಣ್ಯಾತ್ಮರು ಎಂದೋ ಒಂದು ನಿಯಮ ಬರೆದಿಟ್ಟಿದ್ದರು. ಎಂಎಲ್ ಬದಲಾದಾಗಲೆಲ್ಲ ಎಂಎಲ್ಐ ತಾನಾಗಿ ಹುಟ್ಟಲಿ ಎಂಬ ಆಸೆ:

ಓಕ್ಯಾಮಲ್‌ಸಿ -ಐ ಪಿಗ್ಮಿ.ಎಂಎಲ್ > ಪಿಗ್ಮಿ.ಎಂಎಲ್ಐ

ನೋಡಲು ಅಚ್ಚುಕಟ್ಟು. ಆದರೆ ‘>’ ಚಿಹ್ನೆಯ ಕೆಲಸ, ಅಂದರೆ ಔಟ್‌ಪುಟ್ಟನ್ನು ಕಡತಕ್ಕೆ ತಿರುಗಿಸುವುದು, ಮಾಡುವುದು ಟರ್ಮಿನಲ್‌ನ ಆಜ್ಞೆಗಳನ್ನು ಓದಿ ನಡೆಸುವ ಶೆಲ್, ಕಂಪೈಲರ್ ಅಲ್ಲ. ಕಂಪೈಲರ್ ಕಣ್ಣು ಬಿಡುವ ಮೊದಲೇ ಶೆಲ್ ಪಿಗ್ಮಿ.ಎಂಎಲ್ಐಯನ್ನು ಖಾಲಿಯಾಗಿ ತೆರೆದಿಟ್ಟಿರುತ್ತದೆ. ಆಮೇಲೆ ಟೈಪ್ ಪರಿಶೀಲನೆಯಲ್ಲಿ ತಪ್ಪು ಸಿಕ್ಕಿದರೆ ಕಂಪೈಲರ್ ಒಂದು ಅಕ್ಷರವನ್ನೂ ಮುದ್ರಿಸದೆ ಹೊರಬೀಳುತ್ತದೆ. ತಪ್ಪಿನ ಸಂದೇಶ ಹೋಗುವುದು ಬೇರೆ ದಾರಿಯಲ್ಲಿ, ಪರದೆಗೆ. ಕಡತ ಮಾತ್ರ ಖಾಲಿಯಾಗಿಯೇ ಉಳಿಯುತ್ತದೆ.

ಇಷ್ಟಾದರೂ ಮುಂದಿನ ಸಲ ಮೇಕ್ ಕೊಟ್ಟಾಗ ಸರಿಹೋಗಬೇಕಿತ್ತಲ್ಲವೇ? ತಪ್ಪು ಪಿಗ್ಮಿ.ಎಂಎಲ್‌ನಲ್ಲೇ ಇದ್ದಿದ್ದರೆ ಖಂಡಿತ ಸರಿಹೋಗುತ್ತಿತ್ತು. ನಾವು ಅದನ್ನು ತಿದ್ದುತ್ತಿದ್ದೆವು, ತಿದ್ದಿದ ಕಡತದ ಸಮಯ ಹೊಸದಾಗುತ್ತಿತ್ತು, ಮೇಕ್ ಎಂಎಲ್ಐಯನ್ನು ಮತ್ತೆ ಬರೆಸುತ್ತಿತ್ತು. ನಮ್ಮ ಗ್ರಹಚಾರಕ್ಕೆ ತಪ್ಪು ಅಲ್ಲಿರಲಿಲ್ಲ. ಪಿಗ್ಮಿ ಮಾಡ್ಯೂಲು ‘ಖಾತೆ’ ಎಂಬ ಇನ್ನೊಂದನ್ನು ಬಳಸುತ್ತದೆ. ಕಟ್ಟುವ ಕೆಲಸವನ್ನು ಬೇಗ ಮುಗಿಸಲು ನಾವು ಮೇಕ್‌ಗೆ ನಾಲ್ಕು ಕೆಲಸ ಒಟ್ಟಿಗೆ ಮಾಡು ಎಂದು ಹೇಳಿದ್ದೆವು. ಖಾತೆ.ಸಿಎಂಐ ಇನ್ನೂ ತಯಾರಾಗಿರದ ಗಳಿಗೆಯಲ್ಲಿ ಪಿಗ್ಮಿಯ ಸರದಿ ಬಂತು. ‘ಅನ್‌ಬೌಂಡ್ ಮಾಡ್ಯೂಲ್ ಖಾತೆ’ ಎಂದು ಕಂಪೈಲರ್ ಕೈಚೆಲ್ಲಿತು. ನಾಲ್ಕು ಕೆಲಸಗಳ ಸಾಲುಗಳು ಬೆರೆತು ಓಡುತ್ತಿದ್ದ ಪರದೆಯಲ್ಲಿ ಅದನ್ನು ಯಾರೂ ಓದಲಿಲ್ಲ. ಅಭ್ಯಾಸಬಲದಿಂದ ಮತ್ತೊಮ್ಮೆ ಮೇಕ್ ಕೊಟ್ಟೆವು.

ಎರಡನೆಯ ಓಟದಲ್ಲಿ ಖಾತೆ.ಸಿಎಂಐ ಇತ್ತು. ಆದರೆ ಪಿಗ್ಮಿ.ಎಂಎಲ್ಐಯೂ ಇತ್ತು, ಅದು ಪಿಗ್ಮಿ.ಎಂಎಲ್‌ಗಿಂತ ಹೊಸದೂ ಆಗಿತ್ತು. ಮೇಕ್ ಸಮಯ ನೋಡುತ್ತದೆಯೇ ಹೊರತು ಹೊಟ್ಟೆಯಲ್ಲಿ ಏನಿದೆ ಎಂದು ನೋಡುವುದಿಲ್ಲ. ‘ಇದು ಆಗಿದೆ’ ಎಂದು ಮುಂದೆ ಹೋಯಿತು. ಖಾಲಿ ಎಂಎಲ್ಐಯಿಂದ ಖಾಲಿ ಸಿಎಂಐ ಆಯಿತು. ಪಿಗ್ಮಿ.ಎಂಎಲ್ ಕೂಡ ಕಂಪೈಲ್ ಆಯಿತು, ಯಾಕೆಂದರೆ ಏನನ್ನೂ ಕೊಡುವುದಿಲ್ಲ ಎಂದವನು ಆ ಮಾತನ್ನು ಉಳಿಸಿಕೊಳ್ಳುವುದು ಕಷ್ಟವಲ್ಲ. ಕೊನೆಗೆ ಕೂಗಿದ್ದು ಏನೂ ತಪ್ಪು ಮಾಡದ ವರದಿ.ಎಂಎಲ್.

ಆದ್ದರಿಂದ ಇರುವ ಹೆಸರನ್ನೇ ಇಲ್ಲ ಎಂದು ಕಂಪೈಲರ್ ಹೇಳಿದಾಗ ದೂರು ಕೊಟ್ಟ ಕಡತವನ್ನು ಮುಚ್ಚಿ. ದೂರಿನಲ್ಲಿರುವ ಮಾಡ್ಯೂಲಿನ ಎಂಎಲ್ಐಯನ್ನು ಹುಡುಕಿ ಅದರ ಅಳತೆ ನೋಡಿ. ಸೊನ್ನೆಯಿದ್ದರೆ ಅಳಿಸಿ, ಅದು ಅವಲಂಬಿಸಿರುವ ಖಾತೆಯಂಥ ಮಾಡ್ಯೂಲುಗಳು ಮೊದಲು ಕಂಪೈಲ್ ಆಗಿವೆಯೇ ಎಂದು ನೋಡಿಕೊಂಡು ಮತ್ತೆ ಬರೆಸಿ. ನಮ್ಮಲ್ಲಿ ಎರಡು ಗಂಟೆ ಹಿಡಿದದ್ದಕ್ಕೆ ಇನ್ನೊಂದು ಕಾರಣವಿತ್ತು. ತಾನಾಗಿ ಹುಟ್ಟುವ ಕಡತ ತಾನೇ ಎಂದು ಎಂಎಲ್ಐಗಳನ್ನು, ಕೋಡಿನ ಬದಲಾವಣೆಗಳ ದಾಖಲೆಯಿಡುವ ಗಿಟ್ ಕಡೆಗಣಿಸುವ ಪಟ್ಟಿಗೆ ಸೇರಿಸಿದ್ದೆವು. ಹಾಗಾಗಿ ಬದಲಾವಣೆಗಳ ಪಟ್ಟಿಯಲ್ಲಿ ಈ ಸೊನ್ನೆ ಕಾಣಿಸಲೇ ಇಲ್ಲ.

ಮೇಕ್ ಬದಲು ಓಕ್ಯಾಮಲ್‌ಗೆಂದೇ ಇರುವ ಡ್ಯೂನ್ ಎಂಬ ಕಟ್ಟುವ ಉಪಕರಣ ಬಳಸುವವರಿಗೆ ಇದೇ ರೋಗದ ಲಕ್ಷಣ ಬೇರೆ. ಡ್ಯೂನ್‌ನ ಅಭಿವೃದ್ಧಿ ಪ್ರೊಫೈಲಿನಲ್ಲಿ 32ನೆಯ ಎಚ್ಚರಿಕೆ, ಅಂದರೆ ‘ಬಳಸದ ಹೆಸರು’ ಎಂಬುದು, ದೋಷವಾಗಿಯೇ ಬರುತ್ತದೆ. ಆದ್ದರಿಂದ ಖಾಲಿ ಎಂಎಲ್ಐ ಇದ್ದರೆ ಪಿಗ್ಮಿ.ಎಂಎಲ್‌ನಲ್ಲೇ ಜಮಾ ಬಳಸಿಲ್ಲ, ಬಡ್ಡಿ ಬಳಸಿಲ್ಲ ಎಂದು ಸಾಲುಸಾಲಾಗಿ ದೂರು ಏಳುತ್ತದೆ. ಇದು ಒಳ್ಳೆಯದು, ಗಾಯವಿರುವಲ್ಲೇ ನೋವು ಕಾಣುತ್ತದೆ. ಬರಿಯ ಓಕ್ಯಾಮಲ್‌ಸಿಯಲ್ಲಿ 32ನೆಯ ಎಚ್ಚರಿಕೆ ಮೊದಲಿನಿಂದಲೂ ಆರಿಸಿಯೇ ಇರುತ್ತದೆ. ಹಾಗಾಗಿ ನಮಗೆ ಮೌನ ಸಿಕ್ಕಿತು.

ಮೇಕ್‌ಫೈಲ್ ಬಿಡಲಾರೆವು ಎನ್ನುವವರು ಎರಡು ತಿದ್ದುಪಡಿ ಮಾಡಿಕೊಳ್ಳಬೇಕು. ಒಂದು, ಔಟ್‌ಪುಟ್ಟನ್ನು ನೇರವಾಗಿ ಎಂಎಲ್ಐಗೆ ಕಳಿಸದೆ ತಾತ್ಕಾಲಿಕ ಕಡತಕ್ಕೆ ಕಳಿಸಿ, ಕಂಪೈಲರ್ ಯಶಸ್ವಿಯಾದರೆ ಮಾತ್ರ ಹೆಸರು ಬದಲಿಸುವುದು:

ಓಕ್ಯಾಮಲ್‌ಸಿ -ಐ ಪಿಗ್ಮಿ.ಎಂಎಲ್ > ಪಿಗ್ಮಿ.ಟಿಎಂಪಿ && ಎಂವಿ ಪಿಗ್ಮಿ.ಟಿಎಂಪಿ ಪಿಗ್ಮಿ.ಎಂಎಲ್ಐ

ಇನ್ನೊಂದು, ಗ್ನೂ ಮೇಕ್‌ನ ‘ಡಿಲೀಟ್ ಆನ್ ಎರರ್’ ಎಂಬ ವಿಶೇಷ ಗುರಿಯನ್ನು ಮೇಕ್‌ಫೈಲಿನಲ್ಲಿ ಹೆಸರಿಸುವುದು. ಅದಿದ್ದರೆ ಅರ್ಧಕ್ಕೆ ನಿಂತ ನಿಯಮ ಬಿಟ್ಟುಹೋದ ಕಡತವನ್ನು ಮೇಕ್ ತಾನೇ ಅಳಿಸುತ್ತದೆ. ಅದಿಲ್ಲದಿದ್ದರೆ ಅಳಿಸುವುದಿಲ್ಲ. ಹಳೆಯ ಮೇಕ್‌ಫೈಲುಗಳು ಮುರಿಯಬಾರದೆಂಬ ಕಾರಣಕ್ಕೆ ಈ ವಿವೇಕವನ್ನು ಕೇಳಿದವರಿಗೆ ಮಾತ್ರ ಕೊಡುತ್ತಾರೆ.

ಇಷ್ಟು ಮಾಡಿದರೂ ಸರದಿಯ ಸಮಸ್ಯೆ ಹೋಗುವುದಿಲ್ಲ. ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಹೇಳುವ ಓಕ್ಯಾಮಲ್‌ಡೆಪ್, ಡಿಸ್ಕಿನಲ್ಲಿ ಎಂಎಲ್ಐ ಇದೆಯೇ ಇಲ್ಲವೇ ಎಂದು ನೋಡಿ ಪಟ್ಟಿ ಬರೆಯುತ್ತದೆ. ಇದ್ದರೆ ‘ಸಿಎಂಐ ಸಾಕು’ ಎನ್ನುತ್ತದೆ, ಇಲ್ಲದಿದ್ದರೆ ‘ಸಿಎಂಒ ಬೇಕು’ ಎನ್ನುತ್ತದೆ (ಸಿಎಂಒ ಎಂದರೆ ಎಂಎಲ್ ಕಂಪೈಲ್ ಆಗಿ ಸಿಗುವ ಕಡತ). ಎಂಎಲ್ಐಯೇ ಕಟ್ಟುವ ಹೊತ್ತಿನಲ್ಲಿ ಹುಟ್ಟುವುದಾದರೆ ಪಟ್ಟಿ ಬರೆಯುವಾಗ ಅದು ಇರುವುದಿಲ್ಲ, ಮುಂದಿನ ಸಲ ಇರುತ್ತದೆ. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಈ ಜಗಳದಿಂದಲೇ ಒಂದು ದಿನ ಕಟ್ಟುವುದು, ಮರುದಿನ ಕಟ್ಟದಿರುವುದು, ಒಬ್ಬರ ಲ್ಯಾಪ್‌ಟಾಪಿನಲ್ಲಿ ಸರಿ, ಸರ್ವರಿನಲ್ಲಿ ತಪ್ಪು ಎಂಬ ಆಟಗಳೆಲ್ಲ ಶುರುವಾಗುತ್ತವೆ. ಒಟ್ಟಿಗೆ ಮಾಡುವ ಕೆಲಸಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಿದ ಕೂಡಲೇ ದೋಷ ಮಾಯವಾದರೆ ನಿಮಗೆ ಅಂಟಿರುವುದು ಇದೇ ಎಂದು ತಿಳಿಯಿರಿ. ಹಾಗೆಂದು ಒಂದರಲ್ಲೇ ಬಿಟ್ಟುಬಿಡಬೇಡಿ. ಅದು ಜ್ವರಕ್ಕೆ ಒದ್ದೆಬಟ್ಟೆ ಹಾಕಿದಂತೆ.

ಡ್ಯೂನ್‌ನೊಳಗೆ ಅದೇ ಆಜ್ಞೆ ಕೊಟ್ಟರೆ

ಡ್ಯೂನ್ ಯೋಜನೆಯ ಕೋಶದಲ್ಲಿ ನಿಂತು ಓಕ್ಯಾಮಲ್‌ಸಿ -ಐ ಕೊಟ್ಟವರೆಲ್ಲರಿಗೂ ಮೊದಲು ಸಿಗುವುದು ‘ಅನ್‌ಬೌಂಡ್ ಮಾಡ್ಯೂಲ್’. ಡ್ಯೂನ್ ತನ್ನ ಸಿಎಂಐಗಳನ್ನು ನಿಮ್ಮ ಮೂಲ ಕೋಶದಲ್ಲಿ ಇಡುವುದಿಲ್ಲ. ಬಿಲ್ಡ್ ಕೋಶದ ಒಳಗಿನ ಡಿಫಾಲ್ಟ್ ಕೋಶದಲ್ಲಿ, ಚುಕ್ಕೆಯಿಂದ ಶುರುವಾಗುವ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಒಂದು ಕೋಶದಲ್ಲಿ ಇಡುತ್ತದೆ. ಸಾಲದ್ದಕ್ಕೆ ಲೈಬ್ರರಿಯ ಹೆಸರನ್ನು ಮುಂದೆ ಸೇರಿಸಿ, ಎರಡು ಅಡಿಗೆರೆ ಹಾಕಿ, ಪಿಗ್ಮಿಯನ್ನು ‘ಲೆಕ್ಕ__ಪಿಗ್ಮಿ’ ಎಂದು ಮರುನಾಮಕರಣ ಮಾಡಿರುತ್ತದೆ. ಎರಡು ಲೈಬ್ರರಿಗಳಲ್ಲಿ ಒಂದೇ ಹೆಸರಿನ ಮಾಡ್ಯೂಲಿದ್ದರೆ ಡಿಕ್ಕಿಯಾಗಬಾರದೆಂದು ಈ ಏರ್ಪಾಡು. ಕೈಯಿಂದ ಆಜ್ಞೆ ಕೊಡುವವರಿಗೆ ಇದು ತಲೆನೋವು.

ಊಹಿಸುತ್ತ ಕೂರುವ ಬದಲು ಡ್ಯೂನ್ ಏನು ಮಾಡಿತೆಂದು ಅದನ್ನೇ ಕೇಳಿ. ಬಿಲ್ಡ್ ಕೋಶದಲ್ಲಿ ‘ಲಾಗ್’ ಎಂಬ ಕಡತವಿದೆ. ಡ್ಯೂನ್ ಓಡಿಸಿದ ಪ್ರತಿ ಆಜ್ಞೆಯೂ ಅದರಲ್ಲಿ ಇಡಿಯಾಗಿ ಇರುತ್ತದೆ. ಪಿಗ್ಮಿಯನ್ನು ಕಂಪೈಲ್ ಮಾಡಿದ ಸಾಲನ್ನು ಅಲ್ಲಿಂದ ಎತ್ತಿಕೊಳ್ಳಿ. ದೊಡ್ಡ ಐಗಳು, ‘ಓಪನ್’ ಆಯ್ಕೆ, ಎಲ್ಲವೂ ಇದ್ದ ಹಾಗೇ ಇರಲಿ. ‘ಸಿ’ ಮತ್ತು ‘ಒ’ ಆಯ್ಕೆಗಳನ್ನು ಮಾತ್ರ ತೆಗೆದು ಚಿಕ್ಕ ಐ ಸೇರಿಸಿ, ಸಾಲಿನಲ್ಲಿ ಹೇಳಿದ ಕೋಶಕ್ಕೇ ಹೋಗಿ ಓಡಿಸಿ. ಒಂದು ಎಚ್ಚರ: ಲಾಗ್‌ನಲ್ಲಿ ಕೊನೆಯ ಓಟದ ಆಜ್ಞೆಗಳಷ್ಟೇ ಇರುತ್ತವೆ. ಏನೂ ಬದಲಾಗದೆ ಕಟ್ಟಿದ್ದರೆ ಅಲ್ಲಿ ನಿಮ್ಮ ಸಾಲು ಸಿಗುವುದಿಲ್ಲ. ಪಿಗ್ಮಿಯಲ್ಲಿ ಒಂದು ಟಿಪ್ಪಣಿ ಸೇರಿಸಿ ಮತ್ತೆ ಕಟ್ಟಿದರೆ ಬರುತ್ತದೆ.

ಈ ಸರ್ಕಸ್ ಬೇಡವಾದರೆ ವಿಎಸ್ ಕೋಡ್‌ನಂಥ ಸಂಪಾದಕದಲ್ಲಿ ಓಕ್ಯಾಮಲ್‌ನ ಭಾಷಾ ಸರ್ವರ್ ಹಾಕಿಕೊಳ್ಳಿ. ಇಂಟರ್‌ಫೇಸ್ ಊಹಿಸಿ ತುಂಬುವ ಸೌಲಭ್ಯ ಅದರಲ್ಲಿದೆ. ಆದರೆ ಯೋಜನೆ ಒಮ್ಮೆ ಪೂರ್ತಿ ಕಟ್ಟಿರಬೇಕು. ಸಿಎಂಐಗಳಿಲ್ಲದೆ ಅದಕ್ಕೂ ಕಣ್ಣು ಕಾಣುವುದಿಲ್ಲ.

ಡ್ಯೂನ್‌ನಲ್ಲಿ ಸೊನ್ನೆಯ ಇನ್ನೊಂದು ಅವತಾರವೂ ಇದೆ, ಅದು ದೋಷವಲ್ಲ. ಡ್ಯೂನ್ ಭಾಷೆಯ 3.0 ಆವೃತ್ತಿಯಿಂದ, ಓಡಿಸಬಲ್ಲ ಕಾರ್ಯಕ್ರಮದ ಮುಖ್ಯ ಮಾಡ್ಯೂಲಿಗೆ ಎಂಎಲ್ಐ ಇಲ್ಲದಿದ್ದರೆ ಡ್ಯೂನ್ ತಾನೇ ಒಂದು ಖಾಲಿ ಎಂಎಲ್ಐ ಸೃಷ್ಟಿಸುತ್ತದೆ. ಮುಖ್ಯ ಮಾಡ್ಯೂಲನ್ನು ಬೇರೆ ಯಾರೂ ಕರೆಯುವುದಿಲ್ಲವಲ್ಲ, ಹಾಗಾಗಿ ಅದರಲ್ಲಿ ಬಳಸದ ಹೆಸರುಗಳಿದ್ದರೆ ತಿಳಿಯಲಿ ಎಂಬುದು ಉದ್ದೇಶ. ಯೋಜನೆಯ ಕಡತದಲ್ಲಿ 2.9 ಎಂದಿದ್ದದ್ದನ್ನು 3.0 ಮಾಡಿದ ಮರುಕ್ಷಣ ಮುಖ್ಯ ಕಡತದ ತುಂಬ ‘ಬಳಸದ ಹೆಸರು’ ಎಂದು ಕೆಂಪು ಸಾಲುಗಳು ಬಂದರೆ ಗಾಬರಿ ಬೇಡ. ಅವು ನಿಜವಾಗಿಯೂ ಬಳಸದ ಹೆಸರುಗಳು. ಅಳಿಸಿಬಿಡಿ.

ಬರೆಸಿದ ಕಡತವೇ ಕಂಪೈಲ್ ಆಗದಿದ್ದರೆ

ಇದು ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಕಂಪೈಲರ್ ತಾನೇ ಬರೆದದ್ದನ್ನು ತಾನೇ ಓದಲಾರದೆ? ಆಗುತ್ತದೆ. ಹೆಚ್ಚಾಗಿ ಕಾರಣ ಹೀಗಿರುತ್ತದೆ. ಒಂದು ಮಾಡ್ಯೂಲಿನಲ್ಲಿ ಇಂದಿನ ಪಾವತಿಗಳಿಗೆಂದು ಖಾಲಿ ಪಟ್ಟಿಯ ರೆಫ್, ಅಂದರೆ ಒಳಗಿನದನ್ನು ಬದಲಿಸಬಲ್ಲ ಪೆಟ್ಟಿಗೆ, ಇಟ್ಟಿದ್ದೀರಿ, ತುಂಬುವುದು ಇನ್ನೊಂದು ಮಾಡ್ಯೂಲಿನಲ್ಲಿ. ಪಟ್ಟಿಯಲ್ಲಿ ಏನಿರುತ್ತದೆ ಎಂದು ಈ ಮಾಡ್ಯೂಲಿನೊಳಗೆ ಎಲ್ಲೂ ಗೊತ್ತಾಗುವುದಿಲ್ಲ. ಆಗ ಚಿಕ್ಕ ಐ ಹೀಗೆ ಮುದ್ರಿಸುತ್ತದೆ:

ವ್ಯಾಲ್ ಪಟ್ಟಿ : '_ವೀಕ್1 ಲಿಸ್ಟ್ ರೆಫ್

‘ಒಂದೇ ಒಂದು ಟೈಪು, ಯಾವುದೆಂದು ಇನ್ನೂ ತಿಳಿದಿಲ್ಲ’ ಎಂದು ಇದರ ಅರ್ಥ. ಆಂಡ್ರೂ ರೈಟ್ 1995ರಲ್ಲಿ ಮುಂದಿಟ್ಟ ಮೌಲ್ಯ ನಿರ್ಬಂಧ ಎಂಬ ನಿಯಮದ ಫಲವಿದು. ಬದಲಾಗಬಲ್ಲ ಪೆಟ್ಟಿಗೆಗೆ ಎಲ್ಲ ಟೈಪುಗಳೂ ಆದೀತು ಎಂದು ಬಿಟ್ಟರೆ ಒಬ್ಬರು ಸಂಖ್ಯೆ ಹಾಕಿ ಇನ್ನೊಬ್ಬರು ಅಕ್ಷರವೆಂದು ತೆಗೆದಾರು. ಚಿಕ್ಕ ಐ ಇದನ್ನು ತಕರಾರಿಲ್ಲದೆ ಮುದ್ರಿಸುತ್ತದೆ. ಆದರೆ ಅಡಿಗೆರೆಯಿಂದ ಶುರುವಾಗುವ ಟೈಪ್ ಚರದ ಹೆಸರನ್ನು ನೀವು ಬರೆಯುವಂತಿಲ್ಲ, ಎಂಎಲ್ಐ ಕಂಪೈಲ್ ಮಾಡುವಾಗ ಅದು ತಿರಸ್ಕೃತವಾಗುತ್ತದೆ. ಕೆಲವರು ಜಾಣತನದಿಂದ ‘_ವೀಕ್1’ ತೆಗೆದು ಸಾದಾ 'ಎ ಹಾಕುತ್ತಾರೆ. ಆಗ ಇಂಟರ್‌ಫೇಸಿಗೂ ಕೋಡಿಗೂ ತಾಳೆಯಾಗುತ್ತಿಲ್ಲ ಎಂಬ ದೋಷ ಬರುತ್ತದೆ, ಬರಬೇಕು ಕೂಡ. ಮದ್ದು ಎಂಎಲ್‌ನಲ್ಲೇ ಇದೆ: ಪಟ್ಟಿಯ ಟೈಪನ್ನು ಅಲ್ಲೇ ಬರೆದುಬಿಡಿ. ರೆಫ್ ಇಲ್ಲದೆ, ಒಂದು ಫಂಕ್ಷನ್ನಿಗೆ ಅದಕ್ಕೆ ಬೇಕಾದ ಆರ್ಗ್ಯುಮೆಂಟುಗಳಲ್ಲಿ (ಒಳಗೆ ಕೊಡುವ ಮೌಲ್ಯಗಳಲ್ಲಿ) ಅರ್ಧವನ್ನಷ್ಟೇ ಕೊಟ್ಟು ಹೆಸರಿಟ್ಟಾಗ ಈ ವೀಕ್ ಬಂದಿದ್ದರೆ ಉಳಿದ ಆರ್ಗ್ಯುಮೆಂಟನ್ನೂ ಬರೆಯಿರಿ, ಹೋಗುತ್ತದೆ.

ಕಂಪೈಲ್ ಆಗುವ ಮೊದಲು ಕೋಡನ್ನು ಸಂಸ್ಕರಿಸಿ ಹೊಸ ಕೋಡ್ ಸೇರಿಸುವ ಪಿಪಿಎಕ್ಸ್ ಬಳಸಿದ್ದರೆ ಇನ್ನೊಂದು ತೊಡಕು. ಮೂಲ ಕಡತವನ್ನು ಬರಿಯ ಕಂಪೈಲರ್‌ಗೆ ಕೊಟ್ಟರೆ ಪಿಪಿಎಕ್ಸ್ ಹುಟ್ಟಿಸಬೇಕಿದ್ದ ಫಂಕ್ಷನ್ನುಗಳು ಅದಕ್ಕೆ ಕಾಣುವುದಿಲ್ಲ. ಲಾಗ್‌ನ ಸಾಲನ್ನೇ ಬಳಸಿದರೆ ಈ ಸಮಸ್ಯೆಯಿಲ್ಲ, ಯಾಕೆಂದರೆ ಅದರಲ್ಲಿ ಡ್ಯೂನ್ ಆಗಲೇ ಸಂಸ್ಕರಿಸಿದ ಪಿಪಿ.ಎಂಎಲ್ ಕಡತದ ಹೆಸರಿರುತ್ತದೆ. ಆದರೆ ಔಟ್‌ಪುಟ್ಟಿನಲ್ಲಿ ಹುಟ್ಟಿದ ಫಂಕ್ಷನ್ನುಗಳೆಲ್ಲ ಒಂದೊಂದಾಗಿ ಬಿಡಿಸಿ ಬರುತ್ತವೆ. ಅವನ್ನು ಅಳಿಸಿ ಟೈಪಿನ ಪಕ್ಕದಲ್ಲಿ ‘ಡಿರೈವಿಂಗ್’ ಗುರುತನ್ನೇ ಎಂಎಲ್ಐಯಲ್ಲೂ ಬರೆಯುವುದು ಮೇಲು.

ಸ್ಟ್ರಿಂಗ್ (ಅಕ್ಷರಗಳ ಸಾಲು) ಕೀಲಿಯ ಮ್ಯಾಪ್ ಒಂದನ್ನು ಫಂಕ್ಟರಿನಿಂದ, ಅಂದರೆ ಮಾಡ್ಯೂಲಿನಿಂದ ಇನ್ನೊಂದು ಮಾಡ್ಯೂಲು ಹುಟ್ಟಿಸುವ ಸಾಧನದಿಂದ, ಮಾಡಿಕೊಂಡಿದ್ದರೂ ಹೀಗೆಯೇ. ಎಂಎಲ್‌ನಲ್ಲಿ ಅದು ಒಂದು ಸಾಲು, ಚಿಕ್ಕ ಐ ಅದನ್ನು ಹತ್ತಾರು ಸಾಲು ಮಾಡಿ ಸುರಿಯುತ್ತದೆ. ಕಂಪೈಲ್ ಆಗುತ್ತದೆ, ತಪ್ಪೇನಿಲ್ಲ. ಆದರೆ ಓದುವವನ ಗತಿ? ‘ಮ್ಯಾಪ್.ಎಸ್, ಕೀಲಿ ಸ್ಟ್ರಿಂಗ್’ ಎಂಬ ಒಂದು ಸಾಲಿನಿಂದ ಆ ರಾಶಿಯನ್ನು ಬದಲಿಸಿ. ಕೋಡಿನಲ್ಲಿ ಬರೆದಿದ್ದ ವಿವರಣೆಯ ಟಿಪ್ಪಣಿಗಳಂತೂ ಚಿಕ್ಕ ಐಯ ಔಟ್‌ಪುಟ್ಟಿಗೆ ಬರುವುದೇ ಇಲ್ಲ.

ಕಂಪೈಲ್ ಆಗುತ್ತದೆ, ಲೆಕ್ಕ ತಪ್ಪುತ್ತದೆ

ಸೊನ್ನೆ ಬೈಟು ಕೂಗಿ ಹೇಳುವ ದೋಷ. ನನಗೆ ಭಯವಿರುವುದು ಮಾತಾಡದ ಈ ದೋಷದ್ದು. ಪಿಗ್ಮಿಯ ಬಡ್ಡಿ ಫಂಕ್ಷನ್ನನ್ನು ಇಲ್ಲಿ ಸರಳಗೊಳಿಸಿ ಕೊಡುತ್ತೇನೆ. ಹಣವೆಲ್ಲ ಪೈಸೆಯಲ್ಲಿ, ಬಡ್ಡಿ ವರ್ಷಕ್ಕೆ ಶೇಕಡಾ 6, ಖಾತೆ 180 ದಿನದೊಳಗೆ ಮುಚ್ಚಿದರೆ ಬಡ್ಡಿಯಿಲ್ಲ:

ಲೆಟ್ ಬಡ್ಡಿ ಅಸಲು ದಿನ =
  ಇಫ್ ದಿನ < 180 ದೆನ್ 0 ಎಲ್ಸ್ ಅಸಲು * ದಿನ * 6 / 36500

ಚಿಕ್ಕ ಐ ಕೊಟ್ಟ ಇಂಟರ್‌ಫೇಸ್:

ವ್ಯಾಲ್ ಬಡ್ಡಿ : ಇಂಟ್ -> ಇಂಟ್ -> ಇಂಟ್

ಇಂಟ್ ಎಂದರೆ ಪೂರ್ಣಾಂಕ; ಒಂದಕ್ಷರವೂ ಸುಳ್ಳಲ್ಲ. ಆದರೆ ಮೂರು ಇಂಟ್‌ಗಳಲ್ಲಿ ದುಡ್ಡು ಯಾವುದು, ದಿನ ಯಾವುದು? ವರದಿ ಬರೆದವನು ಎಂಎಲ್ಐ ಮಾತ್ರ ನೋಡಿ, ದಿನ ಮೊದಲು ಇರಬೇಕೆಂದುಕೊಂಡು ತಿರುಗಾಮುರುಗಾ ಕೊಟ್ಟ. ತಮಾಷೆ ಇಲ್ಲಿದೆ. ಗುಣಾಕಾರದಲ್ಲಿ ಕ್ರಮ ಬದಲಾದರೂ ಉತ್ತರ ಬದಲಾಗುವುದಿಲ್ಲ. 5,000 ರೂಪಾಯಿ, 200 ದಿನ ಎಂದು ಪರೀಕ್ಷಿಸಿದರೆ ಎರಡೂ ರೀತಿಯಲ್ಲಿ 16,438 ಪೈಸೆ ಬರುತ್ತದೆ. ಪರೀಕ್ಷೆಗಳೆಲ್ಲ ಪಾಸು. 90ನೆಯ ದಿನಕ್ಕೆ ಒಬ್ಬರು ಖಾತೆ ಮುಚ್ಚಿದಾಗ ಮಾತ್ರ ಸೊನ್ನೆ ಬರಬೇಕಾದ ಜಾಗದಲ್ಲಿ 7,397 ಪೈಸೆ ಬಂತು. ಫಂಕ್ಷನ್ನು 5,00,000 ಪೈಸೆಯನ್ನೇ ದಿನವೆಂದು ತಿಳಿದು, 180 ದಾಟಿತೆಂದು ಬಡ್ಡಿ ಕೊಟ್ಟಿತ್ತು. 73 ರೂಪಾಯಿ 97 ಪೈಸೆ ದೊಡ್ಡ ಮೊತ್ತವಲ್ಲ. ಆದರೆ ದಿನದ ಕೊನೆಗೆ ಗುಮಾಸ್ತರ ಕೈಲೆಕ್ಕಕ್ಕೂ ನಮ್ಮ ವರದಿಗೂ ತಾಳೆಯಾಗದೆ ಅವರು ಫೋನ್ ಮಾಡಿದಾಗ ನನ್ನ ಮುಖ ಸಣ್ಣದಾಯಿತು.

ಇದನ್ನು ಪತ್ತೆ ಮಾಡುವ ಬಗೆ: ಬರೆಸಿದ ಎಂಎಲ್ಐಯಲ್ಲಿ ಒಂದೇ ಟೈಪು ಅಕ್ಕಪಕ್ಕ ಎರಡು ಸಲ ಬಂದ ಕಡೆಯೆಲ್ಲ ನಿಲ್ಲಿ. ಅದು ಇಂಟ್ ಆಗಿರಬಹುದು, ಸ್ಟ್ರಿಂಗ್ ಆಗಿರಬಹುದು. ಕರೆಯುವವನು ತಿರುಗಿಸಿ ಕೊಟ್ಟರೆ ಏನಾದೀತು ಎಂದು ಕೇಳಿಕೊಳ್ಳಿ. ‘ಟೈಪ್ ಪೈಸೆ = ಇಂಟ್’ ಎಂದು ಎಂಎಲ್‌ನಲ್ಲಿ ಬರೆದಿದ್ದರೂ ಫಂಕ್ಷನ್ನಿನ ಆರ್ಗ್ಯುಮೆಂಟಿಗೆ ಆ ಹೆಸರನ್ನು ಲಗತ್ತಿಸದಿದ್ದರೆ ಚಿಕ್ಕ ಐ ಇಂಟ್ ಎಂದೇ ಮುದ್ರಿಸುತ್ತದೆ. ಲಗತ್ತಿಸಿದರೆ ಪೈಸೆ ಎಂದು ಬರುತ್ತದೆ. ಆದರೆ ಅದು ಬರೀ ಅಡ್ಡಹೆಸರು, ತಡೆಯೇನೂ ಅಲ್ಲ. ಎಂಎಲ್ಐಗೆ ಕೈ ಹಾಕಿ ‘= ಇಂಟ್’ ಎಂಬುದನ್ನು ಅಳಿಸಿ ‘ಟೈಪ್ ಪೈಸೆ’ ಎಂದಷ್ಟೇ ಉಳಿಸಿದರೆ ಆಗ ಗೋಡೆ ಎದ್ದು ನಿಲ್ಲುತ್ತದೆ. ಹೊರಗಿನವರು ದಿನವನ್ನು ಪೈಸೆಯೆಂದು ಕೊಟ್ಟರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಇಂಟ್ ಎಂದು ಓದಲು ಬಿಡಬೇಕು, ಮಾಡಲು ಬಿಡಬಾರದು ಎಂದರೆ ‘ಪ್ರೈವೇಟ್ ಇಂಟ್’ ಎಂದು ಬರೆಯುವ ದಾರಿಯಿದೆ. ಪೈಸೆ ಮಾಡುವ ಫಂಕ್ಷನ್ನೊಂದನ್ನು ಆಗ ನೀವೇ ಒದಗಿಸಬೇಕು.

ಲೇಬಲ್ ಸಾಕಲ್ಲವೇ ಎಂದು ಆ ಹುಡುಗಿ ಕೇಳಿದಳು. ಅಸಲು, ದಿನ ಎಂದು ಲೇಬಲ್ ಹಾಕುವುದು ಒಳ್ಳೆಯದೇ. ಆದರೆ ಎಲ್ಲ ಆರ್ಗ್ಯುಮೆಂಟುಗಳನ್ನೂ ಲೇಬಲ್ ಇಲ್ಲದೆ ಕೊಟ್ಟರೆ ಓಕ್ಯಾಮಲ್ 6ನೆಯ ಎಚ್ಚರಿಕೆಯ ವಿಷಯವೆಂದು ಬಗೆದು ಒಪ್ಪಿಕೊಳ್ಳುತ್ತದೆ. ಎಚ್ಚರಿಕೆಗಳನ್ನು ಓದುವ ತಂಡಕ್ಕೆ ಲೇಬಲ್ ಸಾಕು. ನಮ್ಮದು ಎಂಥ ತಂಡವೆಂದು ಮೇಲೆ ನೋಡಿದ್ದೀರಿ.

ಚಿಕ್ಕ ಐಯ ಔಟ್‌ಪುಟ್ಟು ಕೋಡಿನ ಫೋಟೋ. ಅಡುಗೆಮನೆಯ ಫೋಟೋ ತೆಗೆದರೆ ಮುಸುರೆ ಪಾತ್ರೆಯೂ ಅದರಲ್ಲಿ ಬರುತ್ತದೆ. ಯಾವುದನ್ನು ಪಡಸಾಲೆಯಲ್ಲಿ ಇಡಬೇಕು ಎಂದು ಕ್ಯಾಮೆರಾಗೆ ಗೊತ್ತಿರುವುದಿಲ್ಲ. ಒಳಗಿನ ಸಹಾಯಕ ಫಂಕ್ಷನ್ನುಗಳು, ರೆಕಾರ್ಡಿನ ಒಳಕೋಣೆಗಳು ಎಲ್ಲವೂ ಹೊರಬರುತ್ತವೆ. ಯಾರಾದರೊಬ್ಬರು ಅವನ್ನು ಬಳಸಲು ಶುರುಮಾಡುತ್ತಾರೆ, ಆಮೇಲೆ ನೀವು ಅವನ್ನು ಬದಲಿಸಲಾರಿರಿ. ಪ್ರತಿ ಸಲವೂ ಹೊಸದಾಗಿ ಬರೆಸಿದರೆ ಇನ್ನೂ ಕೆಟ್ಟದ್ದು. ಕೋಡಿನ ಜೊತೆ ಇಂಟರ್‌ಫೇಸೂ ಬದಲಾಗುವುದರಿಂದ, ಕೊಟ್ಟ ಮಾತು ಮುರಿದರೂ ಪಿಗ್ಮಿಯಲ್ಲಿ ಯಾವ ದೋಷವೂ ಬರುವುದಿಲ್ಲ.

ಎಫ್ ಶಾರ್ಪ್ ಭಾಷೆಯಲ್ಲೂ ಹೀಗೆಯೇ. ಅದರ ಕಂಪೈಲರ್‌ಗೆ ‘ಸಿಗ್’ ಆಯ್ಕೆ ಕೊಟ್ಟರೆ ಎಂಎಲ್ಐಯಂಥದ್ದೇ ಆದ ಎಫ್ಎಸ್ಐ ಕಡತ ಸಿಗುತ್ತದೆ. ಅಲ್ಲಿನ ಸಾಮಾನ್ಯ ದೋಷ, ಯೋಜನೆಯ ಪಟ್ಟಿಯಲ್ಲಿ ಎಫ್ಎಸ್ಐಯನ್ನು ಎಫ್ಎಸ್‌ಗಿಂತ ಮೊದಲು ಇಡಲು ಮರೆಯುವುದು. ಹ್ಯಾಸ್ಕೆಲ್‌ನ ಎಚ್ಐ ಕಡತ ಬೇರೆ ಜಾತಿಯದು. ಕಂಪೈಲರ್ ತನಗಾಗಿ ಬರೆದುಕೊಳ್ಳುವ ಅದನ್ನು ಕೈಯಿಂದ ತಿದ್ದುವ ಪ್ರಶ್ನೆಯೇ ಇಲ್ಲ.

ಹಳಸಿದ ಸಿಎಂಐ

ಎಲ್ಲ ಸರಿಮಾಡಿದ ಮೇಲೂ ‘ಈ ಎರಡು ಕಡತಗಳ ಕಲ್ಪನೆಗಳು ಹೊಂದುತ್ತಿಲ್ಲ’ ಎಂಬರ್ಥದ, ‘ಇನ್‌ಕನ್ಸಿಸ್ಟೆಂಟ್’ ಎಂಬ ಪದವಿರುವ ದೋಷ ಬಂದರೆ, ಎಂಎಲ್ಐ ಬದಲಾಗಿದ್ದರೂ ಅದನ್ನು ಅವಲಂಬಿಸಿದ ಯಾವುದೋ ಮಾಡ್ಯೂಲು ಹಳೆಯ ಸಿಎಂಐ ನೋಡಿ ಕಂಪೈಲ್ ಆಗಿದೆ ಎಂದರ್ಥ. ಪ್ರತಿ ಸಿಎಂಐಗೂ ಅದರ ಬೆರಳಚ್ಚಿನಂಥ ಒಂದು ಡೈಜೆಸ್ಟ್ ಇರುತ್ತದೆ. ಓಕ್ಯಾಮಲ್‌ಆಬ್ಜ್‌ಇನ್ಫೋ ಎಂಬ ಆಜ್ಞೆಯಿಂದ ಎರಡೂ ಕಡತಗಳ ಡೈಜೆಸ್ಟ್ ನೋಡಿ, ಬೇರೆಯಿರುವ ಕಡೆ ಬೆರಳಿಡಬಹುದು. ಅಷ್ಟು ತಾಳ್ಮೆಯಿಲ್ಲದಿದ್ದರೆ ಎಲ್ಲ ಅಳಿಸಿ ಮತ್ತೆ ಕಟ್ಟಿ. ಕಂಪೈಲರ್ ಆವೃತ್ತಿ ಬದಲಿಸಿದ ಮೇಲೆ ಅಳಿಸದೆ ಬೇರೆ ದಾರಿಯೇ ಇಲ್ಲ.

ನಾವು ಕೊನೆಗೆ ಮಾಡಿದ್ದು ಇಷ್ಟು. ಮೇಕ್‌ಫೈಲಿನ ಆ ನಿಯಮವನ್ನು ಕಿತ್ತೆವು. ಎಂಎಲ್ಐಗಳನ್ನು ಗಿಟ್ ಕಡೆಗಣಿಸುವ ಪಟ್ಟಿಯಿಂದ ತೆಗೆದೆವು. ಹೊಸ ಮಾಡ್ಯೂಲಿಗೆ ಮೊದಲ ಸಲ ಮಾತ್ರ ಚಿಕ್ಕ ಐಯಿಂದ ಕರಡು ಬರೆಸಿ, ಇಬ್ಬರು ಕೂತು ಸವರಿ ಸೇರಿಸುತ್ತೇವೆ. ಸರ್ವರಿನಲ್ಲಿ ಕಟ್ಟುವ ಮೊದಲು ಓಡುವ ಸ್ಕ್ರಿಪ್ಟಿಗೆ ಶಿರಸಿಯ ಹುಡುಗಿ ಒಂದು ಸಾಲು ಸೇರಿಸಿದಳು: ಯಾವುದೇ ಎಂಎಲ್ಐ ಸೊನ್ನೆ ಬೈಟಿನದ್ದಾಗಿದ್ದರೆ ಅದರ ಹೆಸರು ಹೇಳಿ ನಿಲ್ಲು. ಬೇಕೆಂದೇ ಖಾಲಿ ಇಡುವ ಇಂಟರ್‌ಫೇಸ್ ಬೇಕಾದರೆ ಒಳಗೆ ‘ಬೇಕೆಂದೇ ಖಾಲಿ’ ಎಂದು ಟಿಪ್ಪಣಿ ಬರೆಯಬೇಕು, ಆಗ ಅಳತೆ ಸೊನ್ನೆಯಾಗುವುದಿಲ್ಲ. ಪಿಗ್ಮಿ.ಎಂಎಲ್ಐ ಈಗ ಹನ್ನೊಂದು ಸಾಲಿದೆ. ಚಿಕ್ಕ ಐ ಕೊಟ್ಟಿದ್ದು ನಲವತ್ತಾರು.